ಡಿಸ್ಕೊ ಇಳಿಗಾಲದ ಆರು ಎಲ್‌ಪಿ: ಕಲಬುರಗಿ ಬಿಸಿಲು, ಧೂಳಿನ ನಡುವೆ ಆರಿಸುವ, ತೊಳೆಯುವ, ಹಚ್ಚುವ ಕ್ರಮ

1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಮೈದಾನದಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಡಿಸ್ಕೊ ಸಂಗೀತವನ್ನು ವಿರೋಧಿಸುವವರು ಪೆಟ್ಟಿಗೆ ತುಂಬ ಡಿಸ್ಕೊ ರೆಕಾರ್ಡು ಇಟ್ಟು ಸಿಡಿಸಿದರು. ಜನ ಒಳಗೆ ನುಗ್ಗಿದರು, ಮೈದಾನ ಹಾಳಾಯಿತು, ಎರಡನೇ ಪಂದ್ಯ ನಡೆಯಲೇ ಇಲ್ಲ. ಡಿಸ್ಕೊ ಅಲ್ಲಿಗೆ ಮುಗಿಯಿತು ಅನ್ನುವುದು ರೂಢಿಯ ಮಾತು. ಆದರೆ ಷಿಕ್ ತಂಡದ ‘ಗುಡ್ ಟೈಮ್ಸ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿದ್ದು ಅದರ ಮರುತಿಂಗಳು. ಮೈಕಲ್ ಜಾಕ್ಸನ್ನನ ‘ಆಫ್ ದ ವಾಲ್’ ಹೊರಬಂದದ್ದೂ ಅದೇ ಆಗಸ್ಟ್ 10ಕ್ಕೆ. ಮುಂದಿನ ಮೂರು ವರ್ಷದಲ್ಲಿ ಆದದ್ದೇ ಬೇರೆ: ಸ್ಟುಡಿಯೊ ತುಂಬ ಕೂತು ನುಡಿಸುತ್ತಿದ್ದವರ ಸಂಖ್ಯೆ ಇಳಿಯುತ್ತ ಬಂತು, ಅವರ ಜಾಗಕ್ಕೆ ಮಷೀನು ಬಂದವು. ಆ ಕಾಲದ ಆರು ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟುಗಳನ್ನು ತಾರೀಖಿನ ಸಾಲಿನಲ್ಲಿ ಹಚ್ಚಿದರೆ ಈ ಬದಲಾವಣೆ ಕಿವಿಗೇ ತಿಳಿಯುತ್ತದೆ.

ತಿಳಿಯಬೇಕಾದರೆ ತಳದ ದನಿ, ಅಂದರೆ ಬೇಸ್ ಗಿಟಾರು ಮತ್ತು ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮು, ಸ್ವಚ್ಛವಾಗಿ ಬರಬೇಕು. ಕಲಬುರಗಿ, ಬೀದರ, ಯಾದಗಿರಿ ಕಡೆ ಅದನ್ನು ಕೆಡಿಸುವವು ಮೂರು: ಬಿಸಿಲು, ಧೂಳು, ಗಡಸು ನೀರು. ಈ ಬರಹದ ಬಹುಪಾಲು ಆ ಮೂರನ್ನು ಪ್ಲೇಟಿನಿಂದ ದೂರ ಇಡುವ ಬಗೆಗೇ ಇದೆ.

ಆರು ಪ್ಲೇಟು ಮತ್ತು ಅಂಗಡಿಯಲ್ಲಿ ನೋಡಬೇಕಾದ ಜಾಗ

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿ ಇರಲಿ. 12 ಇಂಚಿನ ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಗೀರು (ಹಾಡು ಕೊರೆದಿರುವ ಸುರುಳಿ ಕಾಲುವೆ) ಹಾಯುತ್ತದೆ, ಲೇಬಲ್ಲಿನ ಹತ್ತಿರ ಬಂದಾಗ ಸುಮಾರು 21 ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಹಿಡಿಸಬೇಕಾದ್ದರಿಂದ ಒಳಗಿನ ಗೀರು ಬೇಗ ಸವೆಯುತ್ತದೆ. ಹಾಗಾಗಿ ಪ್ಲೇಟು ಪರೀಕ್ಷಿಸುವಾಗ ಪ್ರತಿ ಬದಿಯ ಕೊನೆಯ ಹಾಡು ಕೇಳಬೇಕು. ಅಂಗಡಿಯವರು ಹಚ್ಚಿ ತೋರಿಸುವುದು ಮಾತ್ರ ಮೊದಲ ಹಾಡನ್ನೇ.

ಡೊನ್ನಾ ಸಮ್ಮರ್‌ನ ‘ಬ್ಯಾಡ್ ಗರ್ಲ್ಸ್’, 1979ರ ಏಪ್ರಿಲ್. ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲ್ಲೊಟ್ ಪ್ರೊಡ್ಯೂಸರುಗಳಾಗಿ ಮಾಡಿಸಿದ್ದು. ಇದು ಎರಡು ಪ್ಲೇಟಿನ ಜೋಡಿ. ಕವರಿನೊಳಗೆ ಎರಡೂ ಇವೆಯೇ ಎಂದು ಕೈ ಹಾಕಿ ನೋಡಿ, ಒಂದೇ ಪ್ಲೇಟು ಇಟ್ಟು ಮಾರುವುದು ಹಳೆ ಸಾಮಾನಿನ ವ್ಯಾಪಾರದಲ್ಲಿ ಹೊಸದಲ್ಲ. ‘ಹಾಟ್ ಸ್ಟಫ್’ ಇರುವ ಒಂದನೇ ಬದಿ ಸವೆದಿರುತ್ತದೆ, ಅದು ಸಹಜ. ನಾಲ್ಕನೇ ಬದಿ ಚೆನ್ನಾಗಿದ್ದರೆ ಕೊಳ್ಳಿ, ಏಕೆಂದರೆ ‘ಅವರ್ ಲವ್’, ‘ಲಕಿ’, ‘ಸನ್‌ಸೆಟ್ ಪೀಪಲ್’ ಎಂಬ ಅಲ್ಲಿನ ಮೂರು ಹಾಡುಗಳಲ್ಲಿ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಮುಂದೆ ಬರುತ್ತದೆ. ನಮ್ಮ ಸಾಲಿಗೆ ಬೇಕಾದದ್ದು ಅದೇ ಬದಿ.

ಷಿಕ್‌ನ ‘ರಿಸ್ಕೆ’, 1979. ಒಟ್ಟು ಏಳು ಹಾಡು. ಎಂಟು ನಿಮಿಷದ ‘ಗುಡ್ ಟೈಮ್ಸ್’ ಮೊದಲ ಬದಿಯ ಹೊರ ಅಂಚಿನಲ್ಲೇ ಇದೆ. ಇದೇ ಹಾಡಿಗಾಗಿ ಮುಳ್ಳನ್ನು ಮೇಲಿಂದ ಮೇಲೆ ಇಳಿಬಿಟ್ಟಿರುತ್ತಾರೆ. ಆದ್ದರಿಂದ ಈ ಪ್ಲೇಟಿನ ಮಟ್ಟಿಗೆ ಮೇಲಿನ ನಿಯಮ ತಿರುವುಮುರುವು: ಅಂಚಿನ ಮೊದಲ ಅರ್ಧ ಇಂಚನ್ನು ಬಿಸಿಲಿಗೆ ಓರೆ ಹಿಡಿದು ನೋಡಬೇಕು. ತಂಡದ ಬರ್ನಾರ್ಡ್ ಎಡ್ವರ್ಡ್ಸ್‌ನ ಬೇಸ್ ಗಿಟಾರು ಇಡೀ ಹಾಡನ್ನು ಹೊತ್ತಿದೆ, ಅದರ ಮೇಲೆ ಚಟಪಟ ಸದ್ದು ಕೂತರೆ ಪ್ಲೇಟು ಕೊಂಡದ್ದು ವ್ಯರ್ಥ.

‘ಆಫ್ ದ ವಾಲ್’. ಕ್ವಿನ್ಸಿ ಜೋನ್ಸ್ ಮಾಡಿಸಿದ್ದು, ಧ್ವನಿಮುದ್ರಣ ಬ್ರೂಸ್ ಸ್ವೀಡಿಯನ್‌ನದು. ಈ ಸಾಲಿನಲ್ಲಿ ಒಂದೇ ಪ್ಲೇಟು ಕೊಳ್ಳುವವರಿದ್ದರೆ ಇದನ್ನೇ ಕೊಳ್ಳಲಿ. ಮೊದಲ ಬದಿಯ ಕೊನೆಗೆ ‘ಗೆಟ್ ಆನ್ ದ ಫ್ಲೋರ್’ ಇದೆ. ಲೂಯಿಸ್ ಜಾನ್ಸನ್ ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವ ಬೇಸ್ ಅಲ್ಲಿ ಲೇಬಲ್ಲಿಗೆ ಹತ್ತಿಕೊಂಡೇ ಕೊರೆಯಲಾಗಿದೆ. ಸವೆದ ಪ್ಲೇಟಿನಲ್ಲಿ ಆ ಬಡಿತ ಹರಿದ ಕಾಗದದ ಸದ್ದಾಗುತ್ತದೆ. ಎರಡನೇ ಬದಿಯ ಮೂರನೇ ಹಾಡು ‘ಷೀ ಈಸ್ ಔಟ್ ಆಫ್ ಮೈ ಲೈಫ್’ ಮೆಲ್ಲನೆಯದು, ಅಲ್ಲಿ ಪ್ಲೇಟಿನ ಸ್ವಂತ ಗರಗರ ಎಷ್ಟಿದೆ ಎಂದು ಗೊತ್ತಾಗುತ್ತದೆ. ಈ ಎರಡು ಜಾಗ ಕೇಳಿದರೆ ಉಳಿದದ್ದು ಕೇಳಬೇಕಾಗಿಲ್ಲ.

ಡಯಾನಾ ರಾಸ್‌ನ ‘ಡಯಾನಾ’, 1980. ಷಿಕ್ ತಂಡದ ನೈಲ್ ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಮಾಡಿಸಿದರು, ಮೋಟೌನ್ ಕಂಪನಿ ಅದನ್ನು ಮತ್ತೆ ಮಿಕ್ಸ್ ಮಾಡಿಸಿ (ದನಿ, ವಾದ್ಯಗಳ ಏರಿಳಿತ ಬೇರೆ ಬಗೆಯಲ್ಲಿ ಹೊಂದಿಸಿ) ಬಿಡುಗಡೆ ಮಾಡಿತು. ‘ಐ ಆಮ್ ಕಮಿಂಗ್ ಔಟ್’ ಮೊದಲ ಬದಿಯ ಕೊನೆಯಲ್ಲಿದೆ, ಪರೀಕ್ಷೆ ಅಲ್ಲಿಂದಲೇ.

‘ಡಿಸ್ಕೊ ದೀವಾನೆ’, 1981. ಹಾಡಿದವರು ನಾಜಿಯಾ ಹಸನ್ ಮತ್ತು ತಮ್ಮ ಜೋಹೇಬ್, ಮಾಡಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಬಿದ್ದು. ಅದರ ಹಿಂದಿನ ವರ್ಷ ‘ಕುರ್ಬಾನಿ’ ಚಿತ್ರದಲ್ಲಿ ‘ಆಪ್ ಜೈಸಾ ಕೋಯಿ’ ಬಂದದ್ದು ನಾಜಿಯಾ ಮತ್ತು ಬಿದ್ದು ಇವರಿಬ್ಬರಿಂದಲೇ. ಆರರಲ್ಲಿ ಈ ಭಾಗದ ಹಳೆ ಮನೆಗಳ ಟ್ರಂಕಿನಲ್ಲಿ ಸಿಗುವುದಾದರೆ ಇದೇ ಮೊದಲು ಸಿಗುತ್ತದೆ. ಸಿಕ್ಕದ್ದು ಭಾರವಾದ ತೋಳಿನ ಹಳೆ ಸೂಟ್‌ಕೇಸ್ ಪ್ಲೇಯರಿನಲ್ಲಿ ಸವೆದಿರಬಹುದು. ಗೀರು ಕಪ್ಪಗೆ ಹೊಳೆಯದೆ ಬೂದು ಬಣ್ಣಕ್ಕೆ ತಿರುಗಿದ್ದರೆ ತೊಳೆದರೂ ಸರಿಹೋಗುವುದಿಲ್ಲ, ಅದು ಕೊಳೆಯಲ್ಲ, ಸವಕಳಿ.

ಕೊನೆಯದು ಚರಣ್‌ಜಿತ್ ಸಿಂಗ್‌ರ ಡಿಸ್ಕೊ ತಾಳದ ಹತ್ತು ರಾಗಗಳ ಪ್ಲೇಟು, 1982. ಮುಂಬೈ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಒಬ್ಬರೇ ಮನುಷ್ಯ, ಮೂರು ರೋಲ್ಯಾಂಡ್ ಮಷೀನು: ಸಿಂಥಸೈಜರ್ ಜೂಪಿಟರ್-8, ಬೇಸ್ ನುಡಿಸುವ ಟಿಬಿ-303, ಡ್ರಮ್ಮು ಬಡಿಯುವ ಟಿಆರ್-808. ಆ ಕಾಲದ ಮೂಲ ಪ್ಲೇಟು ಹುಡುಕಿ ದುಡ್ಡು ಕಳೆಯಬೇಡಿ. 2010ರಲ್ಲಿ ಮರುಮುದ್ರಣ ಆಗಿದೆ, ಅದನ್ನು ತರಿಸಿಕೊಳ್ಳಿ.

ಸಿಗುವ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೈದರಾಬಾದಿನ ಅಬಿಡ್ಸ್ ರವಿವಾರದ ಸಂತೆ, ಮುಂಬೈಯ ಚೋರ್ ಬಜಾರ್ ಎಲ್ಲರಿಗೂ ಗೊತ್ತಿರುವವೇ. ಹೋಗುವಾಗ ಟಾರ್ಚ್ ಒಂದು ಜೇಬಿನಲ್ಲಿರಲಿ. ಗೆರೆ ಗೀರಿನ ದಿಕ್ಕಿನಲ್ಲೇ ಉದ್ದಕ್ಕೆ ಬಿದ್ದಿದ್ದರೆ ಮುಳ್ಳು ಅದರಲ್ಲಿ ಸಿಕ್ಕಿ ಅದೇ ಸಾಲು ಮತ್ತೆ ಮತ್ತೆ ಹಾಡುತ್ತದೆ. ಅಡ್ಡಕ್ಕೆ ಬಿದ್ದಿದ್ದರೆ 1.8 ಸೆಕೆಂಡಿಗೊಮ್ಮೆ ಟಕ್ ಅನ್ನುತ್ತದೆ. ಬೆರಳ ತುದಿಗೆ ತಾಗದ ಅಡ್ಡಗೆರೆ ಇದ್ದರೆ ತರಬಹುದು, ಉದ್ದಗೆರೆ ಇದ್ದರೆ ಬೇಡ. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನಿಂದ ನೋಡಿ. ಇಡೀ ಪ್ಲೇಟು ತಾಟಿನಂತೆ ಸ್ವಲ್ಪ ಬಾಗಿದ್ದರೆ ನಡೆಯುತ್ತದೆ. ಒಂದೇ ಕಡೆ ಹಪ್ಪಳದಂತೆ ಎದ್ದಿದ್ದರೆ ಮುಳ್ಳು ಅಲ್ಲಿ ಹಾರುತ್ತದೆ.

ರೈಲಿನಲ್ಲಿ ತರುವಾಗ ನಿಲ್ಲಿಸಿಯೇ ತನ್ನಿ, ಸೀಟಿನ ಕೆಳಗೆ ಮಲಗಿಸಿ ಮೇಲೆ ಚೀಲ ಹೇರಬೇಡಿ. ಮಾರ್ಚಿನಿಂದ ಜೂನಿನ ಮೊದಲ ಮಳೆವರೆಗೆ ಕೊರಿಯರಿನಲ್ಲಿ ತರಿಸಬೇಡಿ. ಊರಲ್ಲಿ ಉಷ್ಣತೆ 42 ಡಿಗ್ರಿ ಇದ್ದರೆ, ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಂತ ವಾಹನದೊಳಗೆ 60 ದಾಟುವುದು ಕಷ್ಟವಲ್ಲ. ವಿನೈಲ್ ಮೆತ್ತಗಾಗುವುದು ಆ ಹೊತ್ತಿಗೇ.

ತೊಳೆಯುವುದು

ಈ ಕಡೆ ಪ್ಲೇಟು ಕೆಡುವುದು ಹೆಚ್ಚಾಗಿ ತೊಳೆಯದೆ ಇದ್ದುದರಿಂದಲ್ಲ, ನಳದ ಇಲ್ಲವೆ ಬೋರಿನ ನೀರಿನಲ್ಲಿ ತೊಳೆದದ್ದರಿಂದ. ಗಡಸು ನೀರು ಆರಿದ ಮೇಲೆ ಪಾತ್ರೆಯ ಮೇಲೆ ಉಳಿಯುವ ಬಿಳಿ ಪೊರೆಯೇ ಗೀರಿನ ತಳದಲ್ಲೂ ಕೂಡುತ್ತದೆ. ಗೀರಿನ ಅಗಲ ಕೂದಲೆಳೆಯಷ್ಟು, ಅಲ್ಲಿ ಕೂತ ಸುಣ್ಣದ ಕಣ ಮುಳ್ಳಿಗೆ ಕಲ್ಲು ಇದ್ದಂತೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ ಇರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರಿನ ಕ್ಯಾನು ಸಿಗುತ್ತದೆ. ಆಸಿಡ್ ಬೆರೆಸಿದ ಬ್ಯಾಟರಿ ನೀರು ಬೇರೆ, ಲೇಬಲ್ ಓದಿ ತನ್ನಿ.

ಒಂದು ಲೀಟರ್ ದ್ರಾವಣಕ್ಕೆ: 800 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್, 200 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ಬಣ್ಣವಿಲ್ಲದ ಲಿಕ್ವಿಡ್ ಮೂರು ಹನಿ. ಆಲ್ಕೊಹಾಲ್ 99 ಶೇಕಡದ್ದು ಇರಬೇಕು. ಸುವಾಸನೆ, ಗ್ಲಿಸರಿನ್ ಬೆರೆಸಿದ ಸ್ಯಾನಿಟೈಜರ್ ಹಾಕಿದರೆ ಗೀರಿಗೆ ಅಂಟು ಬಳಿದಂತೆ. ಸಾಬೂನು ಮೂರೇ ಹನಿ. ಅದರ ಕೆಲಸ ನೀರು ಗುಳ್ಳೆಯಾಗಿ ಮೇಲೆ ನಿಲ್ಲದೆ ಗೀರಿನೊಳಗೆ ಇಳಿಯುವಂತೆ ಮಾಡುವುದು ಮಾತ್ರ. ಒಲೆಯ ಹತ್ತಿರ ಬೆರೆಸಬೇಡಿ, ಆಲ್ಕೊಹಾಲ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಇಲ್ಲಿ ಒಂದು ಮಾತು ಬಹಳ ಮುಖ್ಯ. ಅದೇ ಟ್ರಂಕಿನಲ್ಲಿ 78 ವೇಗದ 10 ಇಂಚಿನ ಭಾರದ ಪ್ಲೇಟುಗಳೂ ಇರುತ್ತವೆ, ವಚನ, ನಾಟಕದ ಹಾಡು, ಖಯಾಲ್ ಇತ್ಯಾದಿ. ಅವುಗಳಲ್ಲಿ ಹೆಚ್ಚಿನವು ಅರಗಿನವು. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ, ಒಂದು ಸಲ ಒರೆಸಿದರೂ ಗೀರು ಅಳಿಸಿಹೋಗುತ್ತದೆ. ಅವಕ್ಕೆ ಡಿಸ್ಟಿಲ್ಡ್ ವಾಟರ್ ಮತ್ತು ಒಂದು ಹನಿ ಸಾಬೂನು ಸಾಕು.

ತೊಳೆಯುವ ವೇಳೆ ಮುಂಜಾನೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ದ್ರಾವಣ ಉಜ್ಜುವ ಮೊದಲೇ ಆರುತ್ತದೆ, ಕರಗಿದ ಕೊಳೆ ಮತ್ತೆ ಗೀರಿನಲ್ಲೇ ಗಟ್ಟಿಯಾಗುತ್ತದೆ. ತೊಳೆದ ಮೇಲೆ ಸದ್ದು ಹೆಚ್ಚಾಯಿತು ಅನ್ನುವವರ ದೂರಿಗೆ ಬಹುತೇಕ ಇದೇ ಕಾರಣ.

ಮೊದಲು ಒಣ ಕಾರ್ಬನ್ ಫೈಬರ್ ಬ್ರಷ್ಷಿನಿಂದ ಮೇಲಿನ ಧೂಳು ತೆಗೆಯಿರಿ. ಧೂಳಿನ ಮೇಲೆ ನೀರು ಬಿದ್ದರೆ ಕೆಸರಾಗುತ್ತದೆ. ಲೇಬಲ್ಲಿನ ಮೇಲೆ ನಾಲ್ಕು ಇಂಚಿನ ಪ್ಲಾಸ್ಟಿಕ್ ಮುಚ್ಚಳ ಬೋರಲು ಇಡಿ. ಸುಮಾರು 20 ಮಿಲಿಲೀಟರ್ ದ್ರಾವಣ ಸುತ್ತಲೂ ಹಾಕಿ, ಒಂದು ನಿಮಿಷ ನೆನೆಯಲು ಬಿಡಿ. ಮೃದುವಾದ ಅಗಲ ಬ್ರಷ್ಷಿನಿಂದ ಗೀರಿನ ಜತೆಗೇ ಸುತ್ತಾಗಿ ಹತ್ತು ಸುತ್ತು ಉಜ್ಜಿ, ಎಂದೂ ಅಡ್ಡಕ್ಕಲ್ಲ. ಮೈಕ್ರೋಫೈಬರ್ ಅರಿವೆಯಿಂದ ನೀರು ಎತ್ತಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಇನ್ನೊಮ್ಮೆ ಉಜ್ಜಿ, ಬೇರೆ ಅರಿವೆಯಿಂದ ಒರೆಸಿ. ಈ ಎರಡನೇ ಸುತ್ತು ಬಿಟ್ಟರೆ ಸಾಬೂನು ಉಳಿದು ಮುಳ್ಳಿನ ತುದಿಗೆ ಬೂದು ಉಂಡೆ ಕಟ್ಟುತ್ತದೆ. ಹಳೆ ಬನಿಯನ್, ಪಂಚೆಯ ಅರಿವೆ ಬೇಡ, ನೂಲಿನ ಎಳೆ ಬಿಡುತ್ತವೆ.

ತಾಟು ಇಡುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ ಒಂದು ತಾಸು ಒಣಗಿಸಿ. ತೊಗರಿ ರಾಶಿ ನಡೆಯುವ ಡಿಸೆಂಬರ್, ಜನವರಿಯಲ್ಲಿ ಹೊಟ್ಟಿನ ಧೂಳು ಮನೆಯೊಳಗೂ ಬರುತ್ತದೆ. ಆಗ ಗಾಳಿಯೂ ಒಣಗಿದ್ದು ಪ್ಲೇಟಿನಲ್ಲಿ ಸ್ಟ್ಯಾಟಿಕ್ ವಿದ್ಯುತ್ತು ಹುಟ್ಟಿ, ಧೂಳನ್ನು ತಾನಾಗಿ ಎಳೆದುಕೊಳ್ಳುತ್ತದೆ. ಕೋಣೆಯಲ್ಲಿ ಒದ್ದೆ ಟವೆಲು ಒಂದು ತೂಗಹಾಕಿದರೆ ಅರ್ಧ ತೊಂದರೆ ಕಡಿಮೆ. ತೊಳೆದ ಪ್ಲೇಟನ್ನು ಹಳೆಯ ಒಳಕವರಿಗೆ ಮತ್ತೆ ಹಾಕಿದರೆ ಮಾಡಿದ ಕೆಲಸವೆಲ್ಲ ಹೋಯಿತು. ಹೊಸ ಒಳಕವರು ತನ್ನಿ, ತೆಳು ಪಾಲಿಥೀನ್ ಒಳಪದರ ಇರುವಂಥದ್ದು. ದಪ್ಪ ಪಿವಿಸಿ ಕವರು ವರ್ಷಗಟ್ಟಲೆ ಹತ್ತಿಕೊಂಡಿದ್ದರೆ ಪ್ಲೇಟಿನ ಮೇಲೆ ಮಂಜಿನಂಥ ಮಸುಕು ಬಿಡುತ್ತದೆ, ಅದು ತೊಳೆದರೆ ಹೋಗುವುದಿಲ್ಲ.

ಪ್ಲೇಯರು: ಕಲ್ಲು, ತೂಕ, ವೇಗ

ಡಿಸ್ಕೊ ಪ್ಲೇಟಿನ ಕೆಳದನಿ ಸ್ಪೀಕರಿನಿಂದ ಹೊರಟು ಮೇಜಿಗೆ, ಮೇಜಿನಿಂದ ಮುಳ್ಳಿಗೆ ಮರಳಿದರೆ ‘ಬೂಂ’ ಎಂಬ ಗುಂಯ್‌ಗುಡುವಿಕೆ ಏರುತ್ತಲೇ ಹೋಗುತ್ತದೆ. ಭಜನೆ, ಗಜಲ್ ಪ್ಲೇಟಿನಲ್ಲಿ ಕಾಣದ ಈ ತೊಂದರೆ ‘ಗುಡ್ ಟೈಮ್ಸ್’ ಹಚ್ಚಿದೊಡನೆ ಎದ್ದುಬರುತ್ತದೆ. ಅದಕ್ಕೆ ಮದ್ದು ನಮ್ಮ ನೆಲದಲ್ಲೇ ಇದೆ. ಶಹಾಬಾದಿ ಕಲ್ಲಿನ 45 ಸೆಂಟಿಮೀಟರ್ ಉದ್ದ, 40 ಅಗಲ, 3 ದಪ್ಪದ ಪಾಲಿಶ್ ಮಾಡಿದ ಚಪ್ಪಡಿ ಕಡಿಸಿಕೊಳ್ಳಿ. ತೂಕ ಸುಮಾರು 14 ಕಿಲೊ ಆಗುತ್ತದೆ. ನಾಲ್ಕು ಮೂಲೆಗೆ ದಪ್ಪ ರಬ್ಬರ್ ತುಂಡು ಕೊಟ್ಟು, ಅದರ ಮೇಲೆ ಪ್ಲೇಯರು. ಸ್ಪೀಕರುಗಳು ಬೇರೆ ಸ್ಟ್ಯಾಂಡಿನ ಮೇಲೆ, ಕನಿಷ್ಠ ಮೂರು ಅಡಿ ದೂರ. ಗೌಂಡಿಗಳ ಲೆವೆಲ್ ಪಟ್ಟಿ ಇಟ್ಟು ಎರಡೂ ದಿಕ್ಕಿಗೆ ಮಟ್ಟ ನೋಡಿ.

ಮುಳ್ಳಿನ ಭಾರ ಅಂದಾಜಿಗೆ ಬಿಡಬೇಡಿ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಅಗ್ಗದ ಪ್ಲೇಯರುಗಳಲ್ಲಿ ಬರುವ ಆಡಿಯೊ-ಟೆಕ್ನಿಕಾ ಎಟಿ3600ಎಲ್ ಕಾರ್ಟ್ರಿಜ್ಜಿಗೆ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಭಾಗ) 3.5 ಗ್ರಾಂ, ಎಟಿ-ವಿಎಂ95ಇಗೆ 2.0 ಗ್ರಾಂ. ಪ್ಲೇಟು ಉಳಿಯಲಿ ಎಂದು ಭಾರ ಇಳಿಸುವವರು ಬಹಳ. ಅದರಿಂದ ಹಾನಿಯೇ ಹೆಚ್ಚು: ಹಗುರಾದ ಮುಳ್ಳು ಬೇಸಿನ ದೊಡ್ಡ ತಿರುವಿನಲ್ಲಿ ಗೀರಿನ ಗೋಡೆ ಬಿಟ್ಟು ಹಾರಿ, ಮತ್ತೆ ಬಡಿದು ಗೋಡೆಯನ್ನು ಕಡಿಯುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ನಡುವೆ ಇಲ್ಲವೆ ಸ್ವಲ್ಪ ಮೇಲೆ ಇಡುವುದು ಸರಿ. ಮುಳ್ಳು 300ರಿಂದ 500 ತಾಸು ಬಾಳುತ್ತದೆ. ದಿನಕ್ಕೊಂದು 40 ನಿಮಿಷದ ಪ್ಲೇಟು ಹಚ್ಚಿದರೆ ಒಂದೂಕಾಲರಿಂದ ಎರಡು ವರ್ಷ.

ವೇಗ ನೋಡಲು ಯಂತ್ರ ಬೇಕಿಲ್ಲ. ಪ್ಲೇಟಿನ ಅಂಚಿಗೆ ಕಾಗದದ ಚೂರು ಇಟ್ಟು, ಫೋನಿನ ಟೈಮರ್ ಹಚ್ಚಿ, ಮೂರು ನಿಮಿಷಕ್ಕೆ ಸುತ್ತು ಎಣಿಸಿ. ಸರಿಯಾಗಿ 100 ಆಗಬೇಕು. 97 ಬಂದರೆ ಸ್ವರ ಹಾರ್ಮೋನಿಯಮ್ಮಿನ ಸುಮಾರು ಅರ್ಧ ಪಟ್ಟಿಯಷ್ಟು ಇಳಿದಿದೆ, ಹೆಚ್ಚಾಗಿ ಬೆಲ್ಟು ಸಡಿಲಾಗಿರುತ್ತದೆ. ಬಿಸಿಲ ನಾಡಿನಲ್ಲಿ ರಬ್ಬರ್ ಬೆಲ್ಟು ಬೇಗ ಹಿಗ್ಗುತ್ತದೆ, ಒಂದು ಹೆಚ್ಚಿಗೆ ತಂದಿಟ್ಟಿರಿ. ಎಣಿಕೆ 83ರ ಸುತ್ತ ಬಂದರೆ ಬೆಲ್ಟಿನ ದೋಷವಲ್ಲ. ಅಮೆರಿಕದಿಂದಲೋ ಸೌದಿಯಿಂದಲೋ ಯಾರೋ ತಂದುಕೊಟ್ಟ ಪ್ಲೇಯರ್ ಅದು, ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಎಸಿ ಮೋಟರು ಆ ಲೆಕ್ಕದ ಮೇಲೇ ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಮೋಟರಿನ ಪುಲ್ಲಿ 50 ಹರ್ಟ್ಸಿನದು ಸಿಕ್ಕರೆ ಹಾಕಿಸಿ, ಇಲ್ಲದಿದ್ದರೆ ಡಿಸಿ ಮೋಟರಿನ ಪ್ಲೇಯರು ಕೊಳ್ಳಿ. ಲೈಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಪ್ಲೇಯರು ನಡೆಸಿದರೆ ಗುಂಯ್ ಸದ್ದು ಬರುತ್ತದೆ, ಸೈನ್ ವೇವ್ ಇನ್ವರ್ಟರಾದರೆ ಚಿಂತೆಯಿಲ್ಲ.

ಇಡುವುದು

ನಿಲ್ಲಿಸಿಯೇ ಇಡಬೇಕು, ನೇರವಾಗಿ, ಓರೆಯಾಗದಂತೆ. ಕವರಿನ ಅಳತೆ 31.5 ಸೆಂಟಿಮೀಟರ್ ಚೌಕ, ಕಪಾಟಿನ ಮನೆ 33 ಇರಲಿ. ನೂರು ಪ್ಲೇಟಿಗೆ 20ರಿಂದ 25 ಕಿಲೊ ಭಾರ, ಆದ್ದರಿಂದ ಹಲಗೆ 18 ಮಿಲಿಮೀಟರ್ ಪ್ಲೈಯಿಗಿಂತ ತೆಳು ಬೇಡ. ಪಡುವಣ ಗೋಡೆಗೆ ಹತ್ತಿಸಬೇಡಿ. ಪತ್ರಾಸಿನ ಕೆಳಗಿನ ಅಟ್ಟ ಪ್ಲೇಟಿಗೆ ಒಲೆಯೇ ಸರಿ. ಬೀದರ ಕಡೆಯ ಹಳೆ ಮನೆಗಳ ದಪ್ಪ ಗೋಡೆಯ ಗೂಡು ಬೇಸಿಗೆಯಲ್ಲಿ ತಂಪಾದ ಒಳ್ಳೆಯ ಜಾಗ, ಮಳೆಗಾಲದಲ್ಲಿ ಅದೇ ಗೂಡು ತೇವ ಹಿಡಿದು ಕವರಿಗೆ ಬೂಷ್ಟು ತರುತ್ತದೆ. ಜೂನಿನಲ್ಲಿ ಹೊರತೆಗೆದು ಕೋಣೆಯ ನಡುವಿನ ಕಪಾಟಿಗೆ ಬದಲಿಸಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಬಾಗಿದ ಪ್ಲೇಟನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಿಡಿಯುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಕಲಬುರಗಿಯಲ್ಲಿ ಅದನ್ನು ಮಾಡಲೇಬೇಡಿ, ಹತ್ತು ನಿಮಿಷದಲ್ಲಿ ಗೀರು ಮೆತ್ತಗಾಗಿ ಎತ್ತರದ ದನಿ ಅಳಿಸಿಹೋಗುತ್ತದೆ. 10 ಮಿಲಿಮೀಟರ್ ದಪ್ಪದ ಎರಡು ಗಾಜಿನ ನಡುವೆ ಸ್ವಚ್ಛ ಪ್ಲೇಟು ಇಟ್ಟು, ಮೇಲೆ 8 ಕಿಲೊ ಭಾರ ಹೇರಿ, ನೆರಳಿನ ಕೋಣೆಯಲ್ಲಿ ಬಿಡಿ. ಮೇ ತಿಂಗಳ ಮನೆಯೊಳಗಿನ ಶಾಖವೇ ಸಾಕು, ಮೂರು ನಾಲ್ಕು ವಾರ ಹಿಡಿಯುತ್ತದೆ. ಇದಕ್ಕೆ ಶಹಾಬಾದಿ ಕಲ್ಲು ಆಗುವುದಿಲ್ಲ, ಪಾಲಿಶ್ ಮಾಡಿದರೂ ಗಾಜಿನಷ್ಟು ಸಮತಟ್ಟು ಇರುವುದಿಲ್ಲ.

ಕೇಳುವುದು

ತಬಲಾದ ಕೆಹರವಾ ಗೊತ್ತಿದ್ದವರಿಗೆ ಡಿಸ್ಕೊ ಲಯ ಸುಲಭ. ಎಂಟು ಮಾತ್ರೆ ಎಣಿಸಿ. 1, 3, 5, 7ಕ್ಕೆ ದೊಡ್ಡ ಡ್ರಮ್ಮು ತಪ್ಪದೆ ಬೀಳುತ್ತದೆ. 2, 4, 6, 8ಕ್ಕೆ ಹೈಹ್ಯಾಟ್ ತಾಳ ಬಾಯಿ ತೆರೆದು ‘ತ್ಸ್’ ಅನ್ನುತ್ತದೆ. ಮೊದಲ ಸಲ ಇದನ್ನು ಮಾತ್ರ ಹಿಡಿಯಿರಿ, ಮಾತು ಬಿಟ್ಟುಬಿಡಿ. ಎರಡನೇ ಸಲ ಬೇಸ್ ಗಿಟಾರನ್ನು ಮಾತ್ರ. ‘ಗುಡ್ ಟೈಮ್ಸ್’ ನಡುವೆ ಬೇರೆ ವಾದ್ಯಗಳು ಸರಿದು ಬೇಸ್ ಮುಂದೆ ಬರುವ ಜಾಗವಿದೆ, ನಿಮ್ಮ ಪ್ಲೇಯರು ಸರಿ ಕೂತಿದೆಯೇ ಎಂದು ಹೇಳಲು ಅದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ. ಪ್ರತಿ ಸ್ವರಕ್ಕೂ ಮೊದಲು, ಕೊನೆ ಎರಡೂ ಕೇಳಬೇಕು. ಒಂದಕ್ಕೊಂದು ಅಂಟಿ ಗುಡುಗಿನಂತಾದರೆ ಸ್ಪೀಕರನ್ನು ಗೋಡೆಯಿಂದ ಒಂದು ಅಡಿ ಮುಂದೆ ತನ್ನಿ. ಶಹಾಬಾದಿ ನೆಲ, ಬೋಳು ಗೋಡೆ ಇರುವ ಕೋಣೆಯಲ್ಲಿ ಹೈಹ್ಯಾಟ್ ಚುಚ್ಚುತ್ತದೆ, ಸ್ಪೀಕರಿಗೂ ಕುರ್ಚಿಗೂ ನಡುವೆ ಜಮಖಾನೆ ಹಾಸಿದರೆ ಇಳಿಯುತ್ತದೆ.

‘ಡಯಾನಾ’ ಕೇಳುವಾಗ ಇನ್ನೊಂದು ಕೆಲಸ ಮಾಡಬಹುದು. ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಮಾಡಿದ್ದ ಮೂಲ ಮಿಕ್ಸ್ 2003ರ ಮರುಮುದ್ರಣದಲ್ಲಿ ಹೊರಬಂದಿದೆ. ಪ್ಲೇಟಿನ ‘ಅಪ್‌ಸೈಡ್ ಡೌನ್’ ಹಚ್ಚಿ, ಆಮೇಲೆ ಅದನ್ನು ಕೇಳಿ. ಪ್ಲೇಟಿನಲ್ಲಿ ಹಾಡುಗಾರ್ತಿಯ ದನಿ ಮುಂದೆ ಬಂದು ನಿಂತಿದೆ, ಮೂಲದಲ್ಲಿ ವಾದ್ಯಗಳಿಗೆ ಹೆಚ್ಚು ಜಾಗ. ಅದೇ ಕೈ, ಅದೇ ವಾದ್ಯ, ಮಿಕ್ಸ್ ಒಂದರಿಂದ ಇಷ್ಟು ಬೇರೆಯಾಗುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜೋಡಿ ಇನ್ನೊಂದು ಸಿಗುವುದು ಕಷ್ಟ.

ಚರಣ್‌ಜಿತ್ ಸಿಂಗ್‌ರದನ್ನು ಕೊನೆಗೆ ಹಚ್ಚಿ, ಆದರೆ ದನಿ ತಗ್ಗಿಸಿ ಸುರು ಮಾಡಿ. 808ರ ದೊಡ್ಡ ಡ್ರಮ್ಮು ಚರ್ಮದ ಡ್ರಮ್ಮಿಗಿಂತ ಕೆಳಗೆ ಇಳಿಯುತ್ತದೆ, ಚಿಕ್ಕ ಸ್ಪೀಕರಿನ ಕಾಗದ ಹರಿಯುವಷ್ಟು ಹಿಂದೆ ಮುಂದೆ ಸರಿಯುತ್ತದೆ. ಭೈರವ, ತೋಡಿ, ಯಮನ್, ಮಾಲಕಂಸ್ ಬೈಠಕ್ಕಿನಲ್ಲಿ ಕೇಳಿ ಬೆಳೆದವರು ಇಲ್ಲಿ ಆಲಾಪದ ವಿಸ್ತಾರ ಹುಡುಕಬಾರದು. ತಾಳ ಮೊದಲಿನಿಂದ ಕೊನೆವರೆಗೆ ಒಂದೇ ವೇಗ, 303ರ ಬೇಸ್ ಸ್ವರದಿಂದ ಸ್ವರಕ್ಕೆ ಮೀಂಡಿನಂತೆ ಜಾರುತ್ತದೆ. ‘ಆಫ್ ದ ವಾಲ್’ ಮುಗಿಸಿದ ಸಂಜೆಯೇ ಇದನ್ನು ಹಚ್ಚಿದರೆ, ಅಲ್ಲಿ ಅಷ್ಟು ಜನ ಸೇರಿ ಮಾಡಿದ ಲಯ ಮೂರೇ ವರ್ಷಕ್ಕೆ ಒಬ್ಬರ ಮೇಜಿನ ಮೇಲೆ ಬಂದು ಕೂತಿರುವುದು ಕೇಳಿಸುತ್ತದೆ.